ಮನೆಯ ಬೆಲೆ: ಯಾವ ಕೆಲಸಕ್ಕೆ, ಯಾವ ದಿನಕ್ಕೆ?

ಎಲ್ಲರಿಗೂ ನಮಸ್ಕಾರ.

‘ನಮ್ಮನೆಗೆ ಈಗ ಎಷ್ಟು ಬೆಲೆ ಆಗಬಹುದು?’ ಎಂದು ಕೇಳಿದರೆ, ಕೆಲಸ ಬಲ್ಲ ಮೌಲ್ಯಮಾಪಕರು ‘ಯಾತಕ್ಕೆ ಬೇಕು?’ ಎಂದು ತಿರುಗಿ ಕೇಳುತ್ತಾರೆ. ಬ್ಯಾಂಕ್ ಸಾಲಕ್ಕೋ, ಅಣ್ಣತಮ್ಮಂದಿರ ವಿಭಾಗಕ್ಕೋ, ತೆರಿಗೆ ಲೆಕ್ಕಕ್ಕೋ ಅನ್ನುವುದರ ಮೇಲೆ ಒಂದೇ ಮನೆಗೆ ಬೇರೆ ಬೇರೆ ಅಂಕಿ ಬರುತ್ತದೆ. ಅವೆಲ್ಲವೂ ಸರಿಯಾಗಿಯೇ ಇರಬಹುದು.

ಮೊದಲು ಗೈಡೆನ್ಸ್ ವ್ಯಾಲ್ಯೂ ವಿಷಯ ಮುಗಿಸೋಣ. ಇದು ನೋಂದಣಿಯ ವೇಳೆ ಮುದ್ರಾಂಕ ಶುಲ್ಕ ಲೆಕ್ಕ ಹಾಕಲು ಸರ್ಕಾರ ಪ್ರದೇಶವಾರು ಗೊತ್ತು ಮಾಡಿರುವ ದರ. ನಮ್ಮ ರಾಜ್ಯದಲ್ಲಿ 2023ರ ಅಕ್ಟೋಬರ್ 1ರಂದು ದೊಡ್ಡ ಮಟ್ಟದ ಪರಿಷ್ಕರಣೆ ಜಾರಿಗೆ ಬಂತು. ಪರಿಷ್ಕರಣೆ ಆಗುವವರೆಗೆ ದರ ನಿಂತಲ್ಲೇ ನಿಂತಿರುತ್ತದೆ, ಪೇಟೆ ಮಾತ್ರ ಓಡುತ್ತಿರುತ್ತದೆ. ನಿಮ್ಮ ಸೈಟಿನ ಹಿಂದೆ ರಾಜಕಾಲುವೆ ಇದೆಯೆಂಬುದು ಆ ಪಟ್ಟಿಗೆ ಗೊತ್ತಿಲ್ಲ. ಆದರೂ ವಿಭಾಗದ ಮಾತುಕತೆಯಲ್ಲಿ ಈ ದರವನ್ನೇ ಹಿಡಿದು ಕೂರುವವರಿದ್ದಾರೆ. ಪೇಟೆ ದರ ಅದಕ್ಕಿಂತ ಮೇಲಿದ್ದ ಕಡೆ ಮನೆ ಇಟ್ಟುಕೊಳ್ಳುವವರಿಗೆ ಅದು ಲಾಭ, ಹಣ ಪಡೆದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಅಕ್ಕತಂಗಿಯರಿಗೆ ನಷ್ಟ. ವಿಭಾಗಕ್ಕೆ ಬೇಕಾದದ್ದು ಪೇಟೆ ಮೌಲ್ಯ.

ಇನ್ನು ಯಾರನ್ನು ಕರೆಸಬೇಕು? ಸಾಲಕ್ಕಾದರೆ ಆಯ್ಕೆ ನಿಮ್ಮದಲ್ಲ. ಬ್ಯಾಂಕು ತನ್ನ ಪ್ಯಾನಲ್‌ನಲ್ಲಿರುವವರ ವರದಿಯನ್ನಷ್ಟೇ ಒಪ್ಪುತ್ತದೆ. ಮೊದಲೇ ಹೊರಗಿನವರಿಂದ ವರದಿ ಮಾಡಿಸಿದರೆ ಆ ದುಡ್ಡು ದಂಡ. ಆದಾಯ ತೆರಿಗೆಗೆ ಆ ಇಲಾಖೆಯಲ್ಲಿ ನೋಂದಾಯಿತರಾದವರು ಬೇಕು. ಕಂಪನಿ ಕಾಯ್ದೆ ಮತ್ತು ದಿವಾಳಿ ಸಂಹಿತೆಯ ಕೆಲಸಗಳಿಗೆ ಐಬಿಬಿಐ (ಭಾರತೀಯ ದಿವಾಳಿ ಮಂಡಳಿ) ನೋಂದಣಿ ಇರಬೇಕು, ಅದೂ ‘ಭೂಮಿ ಮತ್ತು ಕಟ್ಟಡ’ ವರ್ಗದಲ್ಲಿ. ಅವರ ಹೆಸರು ಐಬಿಬಿಐ ಜಾಲತಾಣದಲ್ಲಿ ಸಿಗುತ್ತದೆ, ನೋಡಿಕೊಳ್ಳಿ. ಶುಲ್ಕವನ್ನು ಮೊದಲೇ ಬರಹದಲ್ಲಿ ಪಡೆಯಿರಿ. ‘ಎಷ್ಟು ಬರೆಯಬೇಕು ಹೇಳಿ’ ಎನ್ನುವವರನ್ನು ಬಾಗಿಲಿಂದಲೇ ಕಳಿಸಿ.

ಅವರು ಬರುವ ಮೊದಲು ಕ್ರಯಪತ್ರ, ಋಣಭಾರ ಪತ್ರ, ಖಾತೆ, ಈ ಸಾಲಿನ ತೆರಿಗೆ ರಸೀದಿ, ಮಂಜೂರಾದ ನಕ್ಷೆ ತೆಗೆದಿಡಿ. ಸೈಟು ಮೊದಲು ಹೊಲವಾಗಿದ್ದರೆ ಭೂ ಪರಿವರ್ತನೆ ಆದೇಶವೂ ಬೇಕು. ಸ್ಥಳದಲ್ಲಿ ಮೊದಲು ನೋಡುವುದು ಚೆಕ್ಕುಬಂದಿ: ಪತ್ರದಲ್ಲಿ ಪೂರ್ವಕ್ಕೆ ರಸ್ತೆ ಎಂದಿದ್ದರೆ ನೆಲದ ಮೇಲೂ ಪೂರ್ವಕ್ಕೇ ರಸ್ತೆ ಇರಬೇಕು. ಆಮೇಲೆ ಅಳತೆ. ಪತ್ರದಲ್ಲಿ 30×40 ಅಡಿ ಇದ್ದು, ರಸ್ತೆ ಅಗಲೀಕರಣಕ್ಕೆ ಎರಡಡಿ ಹೋಗಿ ಉದ್ದ 38ಕ್ಕೆ ಇಳಿದಿದ್ದರೆ, ಸಾಮಾನ್ಯವಾಗಿ ಕಡಿಮೆಯದ್ದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಅಲ್ಲಿಗೆ 60 ಚದರಡಿ ಹೋಯಿತು.

ಲೆಕ್ಕ ಹೇಗೆಂದು ಒಂದು ಉದಾಹರಣೆಯಲ್ಲಿ ನೋಡೋಣ. ದರಗಳು ಲೆಕ್ಕದ ಸಲುವಾಗಿ ಇಟ್ಟುಕೊಂಡವು. ಪೂರ್ತಿ 30×40 ಸೈಟು, 1,200 ಚದರಡಿ. ಚದರಡಿಗೆ 6,000 ರೂಪಾಯಿಯಂತೆ ನೆಲಕ್ಕೆ 72 ಲಕ್ಷ. ಎರಡು ಅಂತಸ್ತು ಸೇರಿ 1,800 ಚದರಡಿ ಕಟ್ಟಡ, ಇಂದು ಹೊಸದಾಗಿ ಕಟ್ಟಲು ಚದರಡಿಗೆ 2,000ದಂತೆ 36 ಲಕ್ಷ. ಮನೆಗೆ 20 ವರ್ಷ. ಆಯುಸ್ಸು 60 ವರ್ಷ, ಕೊನೆಗೆ ಉಳಿಯುವ ಮೌಲ್ಯ ಶೇ 10 ಎಂದು ಹಿಡಿದರೆ, ಸವಕಳಿ 90ರಲ್ಲಿ ಮೂರನೇ ಒಂದು ಪಾಲು, ಅಂದರೆ ಶೇ 30. 36 ಲಕ್ಷದಲ್ಲಿ 10.8 ಲಕ್ಷ ಕಳೆದರೆ 25.2 ಉಳಿಯಿತು. ಒಟ್ಟು 97.2 ಲಕ್ಷ.

ಈಗ ಮೇಲಂತಸ್ತಿಗೆ ಮಂಜೂರಾತಿ ಇಲ್ಲ ಅನ್ನಿ. ಬ್ಯಾಂಕಿನ ಮೌಲ್ಯಮಾಪಕರು ಸಾಧಾರಣವಾಗಿ ಆ 900 ಚದರಡಿಯನ್ನು ಕೈಬಿಡುತ್ತಾರೆ. ಕಟ್ಟಡ 12.6 ಲಕ್ಷಕ್ಕೆ, ಒಟ್ಟು 84.6 ಲಕ್ಷಕ್ಕೆ ಇಳಿಯುತ್ತದೆ. 30 ಲಕ್ಷ ದಾಟಿ 75 ಲಕ್ಷದವರೆಗಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಮೌಲ್ಯದ ಶೇ 80. ಹಾಗಾಗಿ ಸಾಲ 67.68 ಲಕ್ಷ ದಾಟುವುದಿಲ್ಲ. 97 ಲಕ್ಷಕ್ಕೆ ಮಾತು ಕೊಟ್ಟು ಮುಂಗಡ ಕಟ್ಟಿದವರು 29 ಲಕ್ಷಕ್ಕೂ ಮೇಲೆ ಸ್ವಂತ ಜೇಬಿನಿಂದ ಹೊಂದಿಸಬೇಕು, ನೋಂದಣಿ ಖರ್ಚು ಬೇರೆ. ಮುಂಗಡಕ್ಕೆ ಮೊದಲೇ ನಕ್ಷೆಯ ಪ್ರತಿ ಕೇಳಿ ಅನ್ನುವುದು ಇದಕ್ಕೇ.

ಈ ಲೆಕ್ಕದಲ್ಲಿ ದೊಡ್ಡ ಪಾಲು ನೆಲದ್ದು. ಚದರಡಿಗೆ 500 ರೂಪಾಯಿ ನೆಲದ ದರ ಹೆಚ್ಚುಕಮ್ಮಿಯಾದರೆ ಆರು ಲಕ್ಷ ಆಚೀಚೆ. ಆದ್ದರಿಂದ ವರದಿ ಕೈಗೆ ಬಂದ ಕೂಡಲೇ ಕೊನೆಯ ಪುಟ ನೋಡಬೇಡಿ, ಆ ದರ ಎಲ್ಲಿಂದ ಬಂತೆಂದು ನೋಡಿ. ಅಕ್ಕಪಕ್ಕದ ಎರಡು-ಮೂರು ಮಾರಾಟದ ತಾರೀಕು, ಅಳತೆ, ರಸ್ತೆಯ ಅಗಲ ಬರೆದಿರಬೇಕು. ಕ್ರಯಪತ್ರದಲ್ಲಿ ಕಾಣಿಸಿದ ಮೊತ್ತ ಎಷ್ಟೋ ಸಲ ಕೈಬದಲಾದ ಮೊತ್ತಕ್ಕಿಂತ ಕಡಿಮೆ, ಬ್ರೋಕರ್ ಹೇಳುವುದು ಕೇಳಿಕೆ ಬೆಲೆ. ಇವೆರಡರ ನಡುವೆ ದರ ನಿಲ್ಲಿಸಿದ ಕಾರಣ ವರದಿಯಲ್ಲಿರಬೇಕು. ‘ಸ್ಥಳೀಯ ವಿಚಾರಣೆಯಿಂದ ತಿಳಿದಂತೆ’ ಎಂಬ ಒಂದೇ ಸಾಲಿದ್ದರೆ ಸಾಲದು. ‘ಡಿಸ್ಟ್ರೆಸ್ ವ್ಯಾಲ್ಯೂ’ ಎಂಬ ಸಾಲು ಕಂಡು ಗಾಬರಿ ಬೇಡ. ಅದು ಅವಸರದಲ್ಲಿ ಮಾರಿದರೆ ಎಷ್ಟು ಎಂದು ಬ್ಯಾಂಕಿಗೆ ಹೇಳುವ ಅಂಕಿ.

ಫ್ಲಾಟಿನಲ್ಲಿ ಎರಡು ಸಂಗತಿ ಕೇಳಿ: ದರ ಕಾರ್ಪೆಟ್ ಏರಿಯಾದ್ದೋ (ಮನೆಯೊಳಗೆ ಬಳಸುವ ಜಾಗ) ಸೂಪರ್ ಬಿಲ್ಟಪ್‌ದೋ (ಮೆಟ್ಟಿಲು, ಲಿಫ್ಟಿನಂಥ ಹಂಚಿಕೆಯ ಜಾಗವೂ ಸೇರಿದ್ದು), ಮತ್ತು ನಿಮ್ಮ ಪಾಲಿನ ನೆಲ ಎಷ್ಟು. ಕಟ್ಟಡ ಹಳತಾದಂತೆ ಬೆಲೆಯನ್ನು ಹಿಡಿದು ನಿಲ್ಲಿಸುವುದು ಆ ನೆಲವೇ.

ಪಿತ್ರಾರ್ಜಿತ ಮನೆ ಮಾರುವವರು ತಾರೀಕಿನ ಕಡೆ ಗಮನ ಕೊಡಿ. ಮನೆ ಕುಟುಂಬಕ್ಕೆ 2001ರ ಏಪ್ರಿಲ್ 1ಕ್ಕಿಂತ ಮೊದಲೇ ಬಂದಿದ್ದರೆ ಮಾರಿದ ಲಾಭದ ತೆರಿಗೆ ಲೆಕ್ಕದಲ್ಲಿ ಆ ದಿನದ ಮೌಲ್ಯವನ್ನು ಕೊಂಡ ಬೆಲೆಯಾಗಿ ತೋರಿಸಬಹುದು. ಆದರೆ ಅದು ಆ ದಿನದ ಗೈಡೆನ್ಸ್ ವ್ಯಾಲ್ಯೂ ಮೀರುವಂತಿಲ್ಲ. ಹಾಗಾಗಿ ಮೌಲ್ಯಮಾಪಕರನ್ನು ಕರೆಸುವ ಮೊದಲು ಉಪನೋಂದಣಾಧಿಕಾರಿ ಕಚೇರಿಯಿಂದ ಅಂದಿನ ದರದ ಪ್ರತಿ ತನ್ನಿ. ಅದಿಲ್ಲದೆ ಬರೆದ ದೊಡ್ಡ ಅಂಕಿ ತೆರಿಗೆ ಪರಿಶೀಲನೆಯಲ್ಲಿ ಬಿದ್ದುಹೋಗುತ್ತದೆ.

ಎರಡು ವರದಿಗಳಲ್ಲಿ ಭಾರಿ ವ್ಯತ್ಯಾಸ ಬಂದರೆ ಸರಾಸರಿ ತೆಗೆಯಬೇಡಿ. ಅಕ್ಕಪಕ್ಕ ಇಟ್ಟು ತಾರೀಕು, ನೆಲದ ಅಳತೆ, ಎಣಿಸಿದ ಅಂತಸ್ತು, ನೆಲದ ದರ, ಹೀಗೆ ಸಾಲುಸಾಲಾಗಿ ಹೋಲಿಸಿ. ವ್ಯತ್ಯಾಸ ಎಲ್ಲಿದೆಯೋ ಆ ಸಾಲಿನ ಬಗ್ಗೆ ಮಾತ್ರ ದಾಖಲೆ ಸಮೇತ ಬರೆದು ಕೇಳಿ. ‘ಕಡಿಮೆ ಆಯಿತು’ ಎಂಬ ದೂರಿಗೆ ಯಾರೂ ಅಂಕಿ ಬದಲಿಸುವುದಿಲ್ಲ, ‘ಮಂಜೂರಾದ ನಕ್ಷೆಯ ಎರಡನೇ ಹಾಳೆ ನೋಡಿಲ್ಲ’ ಎಂದರೆ ಬದಲಿಸಲೇಬೇಕಾಗುತ್ತದೆ.