ಬೀಗ ಹಾಕಿದ ಕೋಣೆ

ಚಿತ್ರದುರ್ಗ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಊಟ ಮುಗಿಸಿ ಪಾತ್ರೆ ತೊಳೆಯುತ್ತಾ ಕೇಳುತ್ತಿರುವ ತಾಯಂದಿರಿಗೆ, ತೋಟದಲ್ಲಿ ಮೋಟರ್ ಹಾಕಲು ಕರೆಂಟ್ ಕಾಯುತ್ತಾ ಕೂತಿರುವ ಅಣ್ಣಂದಿರಿಗೆ, ಎಲ್ಲರಿಗೂ.

ಇವತ್ತಿನ ವಿಷಯ ಗಾಥಿಕ್ ಕಥೆಗಳು. ಹೆಸರು ಕೇಳಿ ರೇಡಿಯೊ ಆರಿಸಬೇಡಿ. ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚ್ ನೋಡಿದ್ದೀರಲ್ಲ? ಮೋಡಕ್ಕೆ ಚುಚ್ಚುವಂಥ ಎರಡು ಗೋಪುರ, ಮೊನಚು ಕಮಾನು. ಆ ಥರದ ಕಟ್ಟಡಕ್ಕೆ ಗಾಥಿಕ್ ಅಂತಾರೆ. ಅಂಥ ಹಳೇ ಕೋಟೆ, ಹಳೇ ಬಂಗಲೆಯೊಳಗೆ ನಡೆಯುವ ಭಯದ ಕಥೆಗೂ ಅದೇ ಹೆಸರು ಅಂಟಿಕೊಂಡಿತು. ಅಷ್ಟೇ.

ನಾನು ಹೇಳುವುದು ಒಂದೇ ಮಾತು. ಭಯದ ಕಥೆಯಲ್ಲಿ ದೆವ್ವವನ್ನು ನೋಡಬೇಡಿ, ಬೀಗ ಹಾಕಿದ ಕೋಣೆಯನ್ನು ನೋಡಿ. ಬೀಗ ಹಾಕಿದವರು ಯಾರು ಅಂತ ಕೇಳಿ.

ಮೊದಲ ಗಾಥಿಕ್ ಕಾದಂಬರಿ ಬಂದದ್ದು 1764ರಲ್ಲಿ, ಇಂಗ್ಲೆಂಡಿನಲ್ಲಿ. ಬರೆದವನು ಹೊರೇಸ್ ವಾಲ್ಪೋಲ್. ಹಳೇ ಕೋಟೆಯೊಂದರ ಮೆಟ್ಟಿಲ ಮೇಲೆ ಕಬ್ಬಿಣದ ಕವಚ ತೊಟ್ಟ ಭಾರೀ ಕೈಯೊಂದನ್ನು ಆತ ಕನಸಿನಲ್ಲಿ ಕಂಡನಂತೆ. ಆವತ್ತು ಸಂಜೆಯೇ ಬರೆಯಲು ಕೂತ. ಕಥೆಯಲ್ಲಿ ಒಬ್ಬ ಹುಡುಗಿ ಕೋಟೆಯ ಕೆಳಗಿನ ಸುರಂಗದಲ್ಲಿ ದೀಪ ಹಿಡಿದು ತಪ್ಪಿಸಿಕೊಂಡು ಹೋಗುತ್ತಾಳೆ. ಗಾಳಿ ಬೀಸಿ ದೀಪ ಆರುತ್ತದೆ. ಚಂದ್ರವಳ್ಳಿಯಲ್ಲಿ ಅಂಕಲಿ ಮಠದ ಗವಿಗೆ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾಟರಿ ಆರಿಸಿದರೆ ನಮ್ಮ ಕೈ ನಮಗೇ ಕಾಣಲ್ಲ, ಅಲ್ವಾ? ಆದರೆ ಆ ಕಥೆಯ ಭಯ ಕತ್ತಲೆಯದಲ್ಲ. ಆ ಕೋಟೆಯ ಒಡೆಯನ ತಾತ ನಿಜವಾದ ಒಡೆಯನಿಗೆ ವಿಷ ಹಾಕಿ ಕೋಟೆ ನುಂಗಿದ್ದ. ಮುಚ್ಚಿಟ್ಟ ಆ ಮೋಸ ಮೊಮ್ಮಗನ ಕಾಲಕ್ಕೆ ಎದ್ದು ನಿಲ್ಲುತ್ತದೆ.

1847ರಲ್ಲಿ ಷಾರ್ಲಟ್ ಬ್ರಾಂಟೆ ಬರೆದ 'ಜೇನ್ ಐರ್' ಇನ್ನೂ ಹತ್ತಿರದ್ದು. ದೊಡ್ಡ ಬಂಗಲೆಗೆ ಪಾಠ ಹೇಳಿಕೊಡಲು ಬಂದ ಹುಡುಗಿಗೆ ಮೇಲಿನ ಮಹಡಿಯಿಂದ ವಿಚಿತ್ರ ನಗು ಕೇಳಿಸುತ್ತದೆ. ದೆವ್ವ ಅಲ್ಲ. ಮನೆ ಯಜಮಾನ ತನ್ನ ಹೆಂಡತಿಯನ್ನೇ ಹುಚ್ಚಿ ಅಂತ ಕೂಡಿ ಹಾಕಿದ್ದಾನೆ.

ಇದು ಇಂಗ್ಲೆಂಡಿನ ಕಥೆ, ನಮಗ್ಯಾಕೆ ಅಂತೀರಾ? ನಮ್ಮ ಮನೆಯಲ್ಲೇ ಇತ್ತು.

ನನ್ನ ಅಜ್ಜನ ಊರು ಹಿರಿಯೂರಿನ ಕಡೆ. ಮಣ್ಣಿನ ಮಾಳಿಗೆ ಮನೆ. ಪಡಸಾಲೆ, ನಡುಮನೆ ದಾಟಿದರೆ ಹಿತ್ತಲ ಪಕ್ಕ ಒಂದು ಕೋಣೆ. ಅದಕ್ಕೆ ಸದಾ ಹಿತ್ತಾಳೆ ಬೀಗ. ಬೇಸಿಗೆ ರಜೆಗೆ ಹೋದಾಗ ನಾವು ಮಕ್ಕಳು ಆ ಕಡೆ ಸುಳಿದರೆ ಅಜ್ಜಿ ಗದರುತ್ತಿದ್ದಳು. "ಅಲ್ಲಿ ಅವಳಿದ್ದಾಳೆ, ಹೋಗಬೇಡ್ರೋ." ಅವಳು ಅಂದರೆ ಯಾರು? ಯಾರೂ ಹೇಳಲಿಲ್ಲ. ರಾತ್ರಿ ಒಳಗೆ ಇಲಿ ಓಡಾಡಿದರೂ ನಾವು ಕಂಬಳಿ ತಲೆ ಮೇಲೆ ಎಳೆದುಕೊಳ್ಳುತ್ತಿದ್ದೆವು. ಬಚ್ಚಲಿಗೆ ಹೋಗಬೇಕಾದರೆ ಮೂರು ಜನ ಕೈ ಕೈ ಹಿಡಿದು ಹೋಗುತ್ತಿದ್ದೆವು.

ನಾನು ಪಿಯುಸಿ ಓದುವಾಗ ಅಜ್ಜ ತೀರಿಕೊಂಡರು. ಆ ಮಳೆಗಾಲ ಮಾಳಿಗೆ ಸೋರಿತು. ಕೋಣೆ ತೆಗೆಯಲೇಬೇಕಾಯಿತು. ಬೀಗದಕೈ ಸಿಗಲಿಲ್ಲ, ಚಿಲಕವನ್ನೇ ಕಿತ್ತರು. ಒಳಗೆ ಗೇಣುದ್ದದ ಒಂದು ಬೆಳಕಿಂಡಿ. ಮೂಲೆಯಲ್ಲಿ ಸುತ್ತಿಟ್ಟ ಚಾಪೆ. ಗೋಡೆಯ ಗೂಡಿನಲ್ಲಿ ದೀಪದ ಮಸಿ ಬೆರಳಿಗೆ ಅಂಟುವಷ್ಟು ದಪ್ಪಗಿತ್ತು. ಆ ಗೂಡಿನ ಹಿಂದಿನ ಸಂದಿಯಲ್ಲಿ ಬಟ್ಟೆಯ ಚಿಕ್ಕ ಗಂಟು. ಬಿಚ್ಚಿದರೆ ಮರದ ಬಾಚಣಿಗೆ. ಒಂದು ಹಲ್ಲೂ ಸವೆದಿರಲಿಲ್ಲ.

ಅಜ್ಜಿ ಅದನ್ನು ಕೈಗೆ ತಗೊಂಡು ಹೊಸ್ತಿಲ ಮೇಲೆ ಕೂತುಬಿಟ್ಟಳು. ಆಮೇಲೆ ಹೇಳಿದಳು. ಅದು ಅಜ್ಜನ ತಂಗಿಯ ಕೋಣೆ. ಅವಳಿಗೆ ಹನ್ನೆರಡು ವರ್ಷ ಇದ್ದಾಗ ಗಂಡ ಸತ್ತ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಈ ಕೋಣೆಯಲ್ಲಿ ಇಟ್ಟರು. ಸಾಯುವವರೆಗೂ ಅಲ್ಲೇ. ಕೂದಲು ಬೆರಳಷ್ಟು ಬೆಳೆದರೆ ಸಾಕು, ಕ್ಷೌರದವನು ಹಿತ್ತಲ ಬಾಗಿಲಿಗೆ ಬರುತ್ತಿದ್ದ. ಆ ಬಾಚಣಿಗೆ ಅವಳ ಕೈಗೆ ಹೇಗೆ ಬಂತೋ, ಎಷ್ಟು ವರ್ಷ ಬಚ್ಚಿಟ್ಟಿದ್ದಳೋ ಯಾರಿಗೂ ಗೊತ್ತಿಲ್ಲ. ಅಜ್ಜ ಹೋದಾಗ ಕಾಲ ಬದಲಾಗಿತ್ತು, ಅಜ್ಜಿಯ ಕೂದಲನ್ನು ಯಾರೂ ಮುಟ್ಟಲಿಲ್ಲ. ಅವತ್ತು ಅಜ್ಜಿ ಒಂದು ಕೈಯಲ್ಲಿ ಬಾಚಣಿಗೆ ಹಿಡಿದು, ಇನ್ನೊಂದು ಕೈಯಲ್ಲಿ ತನ್ನ ತುರುಬು ಮುಟ್ಟಿಕೊಂಡು ಕೂತದ್ದು ಈಗಲೂ ಕಣ್ಣಿಗೆ ಕಟ್ಟಿದೆ. ನಾವು ಅಷ್ಟು ವರ್ಷ ಹೆದರಿದ್ದು ಈ ಹೆಣ್ಣುಮಗಳಿಗಾ?

ದೆವ್ವದ ಸಿನಿಮಾ ಅಂದರೆ ಸುಮ್ನೆ ಟೈಂಪಾಸ್ ಅಂತ ಮೂಗು ಮುರಿಯುವ ಮೇಷ್ಟ್ರುಗಳ ಹತ್ತಿರ ನನಗೆ ಜಗಳ ಇರುವುದು ಇದಕ್ಕೇ. 2004ರ 'ಆಪ್ತಮಿತ್ರ' ನೋಡದವರು ಯಾರಿದ್ದೀರಿ? ಗೆಜ್ಜೆ ಸದ್ದಿಗೆ ಎಲ್ಲರೂ ಬೆಚ್ಚಿದಿರಿ. ಅರಮನೆಯ ಆ ಬೀಗದ ಕೋಣೆಯನ್ನು ನೆನೆಸಿಕೊಳ್ಳಿ. ನಾಗವಲ್ಲಿ ಯಾರು? ಅರಸ ಬಲವಂತವಾಗಿ ತಂದಿಟ್ಟುಕೊಂಡ ನರ್ತಕಿ. ಅವಳು ಪ್ರೀತಿಸಿದವನನ್ನು ಅವನೇ ಕೊಂದ. ನಟಿ ಸೌಂದರ್ಯ ನಾಗವಲ್ಲಿಯಾಗಿ ಕಣ್ಣು ಅರಳಿಸಿ ನಿಂತಾಗ ನೀವು ನೋಡಿದ್ದು ಬರೀ ದೆವ್ವವನ್ನಲ್ಲ, ನೂರಾರು ವರ್ಷ ಬಾಯಿ ಮುಚ್ಚಿಸಿದ್ದ ಸಿಟ್ಟನ್ನು. ಮತ್ತೆ ಹೇಳುತ್ತೇನೆ, ಕೋಣೆಯನ್ನು ನೋಡಿ.

ಸಮಯ ಆಯಿತು ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಬೇಗ ಬೇಗ ಹೇಳುತ್ತೇನೆ. ಮೇರಿ ಶೆಲ್ಲಿ 1818ರಲ್ಲಿ ಪ್ರಕಟಿಸಿದ 'ಫ್ರಾಂಕೆನ್‌ಸ್ಟೈನ್'. ಫ್ರಾಂಕೆನ್‌ಸ್ಟೈನ್ ಅನ್ನುವ ಯುವಕ ಹೆಣದ ತುಂಡು ಜೋಡಿಸಿ ಜೀವ ಕೊಟ್ಟದ್ದು ಮನೆಯ ಮೇಲ್ಗಡೆಯ ಒಂಟಿ ಕೋಣೆಯಲ್ಲಿ. ಹುಟ್ಟಿಸಿದವನೇ ಹೆದರಿ ಓಡಿದ, ಅದನ್ನು ಅನಾಥ ಮಾಡಿದ. 1897ರ 'ಡ್ರಾಕುಲಾ'. ರಕ್ತ ಹೀರುವ ಡ್ರಾಕುಲಾನ ಕೋಟೆಗೆ ಹೋದ ಯುವಕ ಯಾವ ಬಾಗಿಲು ತಳ್ಳಿದರೂ ಬೀಗ. ಇವೆರಡರ ಬಗ್ಗೆ ಒಂದೊಂದು ಗಂಟೆ ಮಾತಾಡಬಹುದಿತ್ತು.

ನಮ್ಮ ಬಾಗಿಲುಗಳ ಮೇಲೆ ಸುಣ್ಣದಲ್ಲಿ, ಬಳಪದಲ್ಲಿ ಬರೆಯುತ್ತಿದ್ದ 'ನಾಳೆ ಬಾ' ಎಷ್ಟೋ ಜನಕ್ಕೆ ನೆನಪಿರಬೇಕು. ಅಲ್ಲಿ ಬೀಗ ತಿರುಗಾಮುರುಗಾ. ನಾವು ಒಳಗೆ, ರಾತ್ರಿ ಬಾಗಿಲಿಗೆ ಬರುವ ಆ ಹೆಣ್ಣು ದೆವ್ವ ಹೊರಗೆ. ಮನೆಯವರ ದನಿಯಲ್ಲೇ ಹೆಸರು ಹಿಡಿದು ಕರೆಯುತ್ತಾಳೆ ಅಂತಿದ್ದರು. ಯಾರ ಮನೆಯ ಹೆಣ್ಣುಮಗಳು ಅವಳು? ಅವಳನ್ನು ಹೊರಗೆ ಹಾಕಿ ಚಿಲಕ ಜಡಿದವರು ಯಾರು? ಇನ್ನೊಂದು ಸಲ ಕರೆದರೆ ಅವಳ ಕಥೆಯಿಂದಲೇ ಶುರು ಮಾಡುತ್ತೇನೆ. ನಮಸ್ಕಾರ.