ಮುಳುಗಿದ ಹೊಲದ ಹಕ್ಕು

ಕೇಳುಗರಿಗೆ ನಮಸ್ಕಾರ.

ಬಾಂಗ್ಲಾದೇಶದ ಪದ್ಮಾ, ಜಮುನಾ, ಮೇಘನಾ ನದಿಗಳು ಮಳೆಗಾಲದಲ್ಲಿ ದಡ ಕೊರೆಯುತ್ತವೆ. ಕೊರೆದ ಮಣ್ಣನ್ನು ಮುಂದೆಲ್ಲೋ ನಡುಹೊಳೆಯಲ್ಲಿ ಗುಡ್ಡೆ ಹಾಕುತ್ತವೆ. ಬಂಗಾಳದಲ್ಲಿ ಆ ನಡುಗಡ್ಡೆಗೆ 'ಚರ್' ಎನ್ನುತ್ತಾರೆ. ಅದು ಯಾರ ನೆಲ?

ಕಂಪನಿ ಸರ್ಕಾರದ 1825ರ 11ನೇ ರೆಗ್ಯುಲೇಷನ್ ಮೊದಲು ಊರ ರೂಢಿಯನ್ನು ಕೇಳುತ್ತಿತ್ತು. ಸ್ಪಷ್ಟ ರೂಢಿ ಇಲ್ಲದಿದ್ದರೆ ನೀರಿನ ಆಳ ನೋಡುತ್ತಿತ್ತು. ದೋಣಿ ಓಡಾಡುವ ದೊಡ್ಡ ಹೊಳೆಯಲ್ಲಿ ಗಡ್ಡೆ ಎದ್ದು, ಅದಕ್ಕೂ ದಡಕ್ಕೂ ನಡುವಿನ ಕವಲನ್ನು ಕಾಲ್ನಡಿಗೆಯಲ್ಲಿ ದಾಟಲಾಗದಿದ್ದರೆ ಗಡ್ಡೆ ಸರ್ಕಾರದ್ದು. ವರ್ಷದ ಯಾವ ಋತುವಿನಲ್ಲಾದರೂ ದಾಟಬಹುದಾದರೆ ಹತ್ತಿರದ ಜಮೀನುದಾರನದು. ಕವಲು ಈ ವರ್ಷ ಆಳ, ಬರುವ ವರ್ಷ ಮೊಣಕಾಲುದ್ದ. ಕಾನೂನು ಬರೆದವರು ಹೊಳೆ ಮಾತು ಕೇಳುತ್ತದೆ ಎಂದುಕೊಂಡಿದ್ದರೋ ಏನೋ!

1847ರ ಕಾಯ್ದೆ ಹತ್ತು ವರ್ಷ ಕಳೆದ ಮೇಲೆ ಮರು ಅಳತೆಗೆ ಅವಕಾಶ ಕೊಟ್ಟಿತು: ನೆಲ ಹೋದವರಿಗೆ ಕಂದಾಯ ಇಳಿಕೆ, ಬಂದವರಿಗೆ ಏರಿಕೆ. ಆ ನಡುವೆ ಗೆಲ್ಲುತ್ತಿದ್ದದ್ದು ಬಿತ್ತಿದವನ ಸ್ವಾಧೀನ. ಅದಕ್ಕೇ ಜಮೀನುದಾರರು ಬಡಿಗೆ ಹಿಡಿದ 'ಲಾಠಿಯಾಲ'ರನ್ನು ಸಾಕುತ್ತಿದ್ದರು.

ಬಿತ್ತನೆಗೂ ಆತುರ ಸಲ್ಲದು. ಬರೀ ಮರಳಿನ ಹೊಸ ಗಡ್ಡೆಯಲ್ಲಿ ಮೊದಲು ಬರುವುದು ಕಾಶ ಹುಲ್ಲು. ಅದರ ಬೇರು, ಬುಡ ನೆರೆಯ ಮೆಕ್ಕಲನ್ನು ಹಿಡಿದಿಡುತ್ತವೆ. ಮೆಕ್ಕಲು ಕೂತ ಮೇಲೆ, ನೆರೆ ಇಳಿಯುತ್ತಿದ್ದಂತೆ ಹಸಿ ಕೆಸರಿನ ಮೇಲೇ ಉಳುಮೆಯಿಲ್ಲದೆ ಉದ್ದು ಚೆಲ್ಲುತ್ತಾರೆ. ನೀರು ನಿಂತಿರುವಾಗ ಚೆಲ್ಲಿದರೆ ಬೀಜ ಕೊಳೆಯುತ್ತದೆ. ತಡವಾದರೆ ಮೇಲ್ಮಣ್ಣು ಹೆಪ್ಪುಗಟ್ಟಿ ಬಿರುಕು ಬಿಟ್ಟು, ಬೀಜ ಮೇಲೇ ಒಣಗುತ್ತದೆ. ಮರಳು ಬೆರೆತ ಸಡಿಲ ಮಣ್ಣಿಗೆ ಶೇಂಗಾ, ನವಣೆ ಒಗ್ಗುತ್ತವೆ. ಬರೀ ಮರಳೇ ಇದ್ದರೆ ಇತ್ತೀಚೆಗೆ ಸುಮಾರು ಒಂದು ಮೀಟರ್ ಗುಂಡಿ ತೋಡಿ, ಸಗಣಿ ಗೊಬ್ಬರ ತುಂಬಿ ಕುಂಬಳ ಬೆಳೆಸುತ್ತಾರೆ. ಮರಳಲ್ಲಿ ನೀರು ನಿಲ್ಲದು, ಗುಂಡಿಗೆ ಹೊತ್ತು ಹಾಕಲೇಬೇಕು. ಏನೇ ಬೆಳೆದರೂ ಮುಂದಿನ ನೆರೆಗೆ ಮೊದಲೇ ಕೊಯ್ಲು ಮುಗಿಯಬೇಕು.

ಕೊಚ್ಚಿಹೋದ ನೆಲ ಅದೇ ಜಾಗದಲ್ಲಿ ಮತ್ತೆ ಎದ್ದರೆ? ಹಳೆಯ ಒಡೆಯನದೇ ಎಂದು 1870ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಅಂದರೆ ಆಗಿನ ಕೊನೆಯ ಮೇಲ್ಮನವಿ ನ್ಯಾಯಾಲಯ, ತೀರ್ಪಿತ್ತಿತು. ಬಾಂಗ್ಲಾದೇಶ 1972ರಲ್ಲಿ ಅದನ್ನು ತಿರುವಿಹಾಕಿ, ಮರಳಿ ಎದ್ದ ನೆಲ ಸರ್ಕಾರದ್ದೆಂದಿತು. 1994ರ ತಿದ್ದುಪಡಿಯಲ್ಲಿ ಹಕ್ಕು ಮತ್ತೆ ರೈತನಿಗೆ ಬಂತು, ಆದರೆ ನೆಲ 30 ವರ್ಷದೊಳಗೆ ಏಳಬೇಕು. ಹೊಲ ಮುಳುಗಿದಾಗ ರೈತ ಕಂದಾಯ ಅಧಿಕಾರಿಗೆ ತಿಳಿಸಿದರೆ ಕಂದಾಯ ಇಳಿಯುತ್ತದೆ, ನಷ್ಟ ದಾಖಲಾಗುತ್ತದೆ. ಅದೇ ನೆಲ ಮತ್ತೆ ಎದ್ದ ದಿನ, ಹಕ್ಕಿಗೆ ಪುರಾವೆ ಆ ದಾಖಲೆಯೇ.