ಚೊಗರು ಹತ್ತದ ಕೈ

ಎಲ್ಲರಿಗೂ ನಮಸ್ಕಾರ.

ನಮ್ಮ ಊರನ್ನೇ ಇಟ್ಟುಕೊಂಡು ಪತ್ತೇದಾರಿ ಕಾದಂಬರಿ ಬರೆಯೋದು ಹೇಗೆ, ಬರೆದ ಮೇಲೆ ಅದನ್ನು ಓದುಗರ ಕೈಗೆ ಮುಟ್ಟಿಸೋದು ಹೇಗೆ, ಇದರ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ನಾನು ಮಾಡಿದ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ನನ್ನ ಮೊದಲ ಕಾದಂಬರಿ ನಡೆಯುವುದು ಶಿರಸಿ ಹತ್ತಿರದ ಒಂದು ಅಡಿಕೆ ತೋಟದಲ್ಲಿ. ಜನವರಿ ತಿಂಗಳು. ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ನಡೆದಿದೆ. ಬೆಳಿಗ್ಗೆ ಕಾದಿಗೆಯಲ್ಲಿ, ಅಂದರೆ ತೋಟದ ಬಸಿಗಾಲುವೆಯಲ್ಲಿ, ಒಂದು ಹೆಣ ಸಿಗುತ್ತದೆ. ಒಬ್ಬನ ಪಂಚೆಯ ಅಂಚಿನಲ್ಲಿ ಮೈಲುತುತ್ತದ, ಅಂದರೆ ಅಡಿಕೆಗೆ ಹೊಡೆಯುವ ಮದ್ದಿಗೆ ಹಾಕುವ ಕಾಪರ್ ಸಲ್ಫೇಟಿನ, ಹಸಿ ನೀಲಿ ಕಲೆ. ಅದರ ಜಾಡು ಹಿಡಿದು ಸಬ್ ಇನ್‌ಸ್ಪೆಕ್ಟರ್ ಅವನ ಮನೆ ಬಾಗಿಲಿಗೆ ಬರುತ್ತಾರೆ. ಈ ಸುಳಿವು ನನಗೆ ಬಹಳ ಹಿಡಿಸಿತ್ತು. ಅಡಿಕೆ ತೋಟ ಅಂದಮೇಲೆ ಮೈಲುತುತ್ತ ಇದ್ದೇ ಇರುತ್ತದೆ ಅಂದುಕೊಂಡೆ.

ಪುಸ್ತಕ ಬಂದು ಎರಡು ತಿಂಗಳಾದ ಮೇಲೆ, ನಮ್ಮ ತೋಟಕ್ಕೆ ಅಡಿಕೆ ಕೊಯ್ಯಲು ಬರುವ ಕೊನೆಗೌಡರು ಅದನ್ನು ಓದಿ ಮುಗಿಸಿ ಮನೆಗೆ ಬಂದರು. ಜಗುಲಿಯಲ್ಲಿ ಕೂತು ಎಲೆ ಅಡಿಕೆಯ ಕವಳ ಹಾಕಿಕೊಂಡು ಒಂದೇ ಮಾತು ಕೇಳಿದರು. “ಮಾಸ್ತರ್ರೆ, ಜನವರೀಲಿ ಮದ್ದು ಹೊಡೆಯೋರು ಯಾರು?”

ಅವರು ಹೇಳಿದ್ದು ಸರಿ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮಳೆ ಹಿಡಿಯುವ ಮೊದಲು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಆಮೇಲೆ ಸುಮಾರು ನಲವತ್ತು ದಿನ ಕಳೆದು, ಮಳೆ ಹೊಳವಾಗಿ ಬಿಡುವು ಕೊಟ್ಟಾಗ ಇನ್ನೊಮ್ಮೆ. ಜನವರಿಯಲ್ಲಿ ಯಾರ ಪಂಚೆಗೂ ಹಸಿ ನೀಲಿ ಹತ್ತುವುದಿಲ್ಲ. “ಆಗ ಕೈಗೆ ಹತ್ತೋದು ಚೊಗರು” ಅಂದರು ಗೌಡರು. ತಮ್ಮ ಬೆರಳು ಚಾಚಿ ತೋರಿಸಿದರು. ಚೊಗರು ಅಂದರೆ ಅಡಿಕೆಯ ಒಗರು ರಸ. ಹಸಿ ಅಡಿಕೆ ಸುಲಿದ ಕೈ ಅದರಿಂದ ಕಪ್ಪಾಗುತ್ತದೆ. ಸೋಪು ಹಾಕಿ ಎಷ್ಟು ತಿಕ್ಕಿದರೂ ಒಂದೇ ದಿನಕ್ಕೆ ಹೋಗುವುದಿಲ್ಲ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸುಲಿಯುವ ಕಾಲದಲ್ಲಿ ಊರಿನ ಎಲ್ಲರ ಕೈಯೂ ಕಪ್ಪು. ಹಾಗಾದರೆ ಕಲೆ ಇದ್ದ ಕೈಯನ್ನು ಹುಡುಕಿ ಏನು ಪ್ರಯೋಜನ? ಕಲೆ ಇಲ್ಲದ ಕೈಯನ್ನು ಹುಡುಕಬೇಕು! “ರಾತ್ರಿಯಿಡೀ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿತಾ ಇದ್ದೆ” ಅಂತ ಹೇಳಿದವನ ಬೆರಳು ಬೆಳ್ಳಗಿದ್ದರೆ, ಅವನು ಸುಳ್ಳು ಹೇಳುತ್ತಿದ್ದಾನೆ. ಎರಡನೇ ಮುದ್ರಣಕ್ಕೆ ಇಡೀ ಕಾದಂಬರಿಯನ್ನು ಈ ಒಂದು ಸುಳಿವಿನ ಸುತ್ತ ತಿರುಗಿ ಬರೆದೆ.

ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಇದನ್ನೇ. ಊರು ಅಂದರೆ ಹಿಂದೆ ಕಟ್ಟಿದ ಪರದೆ ಅಲ್ಲ. ಮಳೆ, ಮಂಜು, ಹಂಚಿನ ಮನೆ ಅಂತ ಮೊದಲ ಪುಟದಲ್ಲಿ ಚೆಂದವಾಗಿ ಬರೆದು, ಆಮೇಲೆ ಎಲ್ಲಿ ಬೇಕಾದರೂ ನಡೆಯಬಹುದಾದ ಕೊಲೆಯನ್ನು ತಂದಿಟ್ಟರೆ ಅದು ಆ ಊರಿನ ಕತೆ ಆಗುವುದಿಲ್ಲ. ಗುಟ್ಟು ಬಿಚ್ಚುವ ಕೀಲಿಕೈ ಆ ಊರಿನಲ್ಲಿ ಮಾತ್ರ ಸಿಗಬೇಕು.

ಮಾತಿನಲ್ಲೂ ಸುಳಿವು ಇರುತ್ತದೆ. ನಮ್ಮ ಹವ್ಯಕರಲ್ಲಿ ಗಂಡಸರು ಸಲೀಸಾಗಿ ಒಬ್ಬರನ್ನೊಬ್ಬರು ‘ಭಾವ’ ಅಂತ ಕರೆಯುತ್ತಾರೆ. ನೆಂಟಸ್ತಿಕೆ ಇರಲೇಬೇಕು ಅಂತೇನಿಲ್ಲ. ಕತ್ತಲಲ್ಲಿ ಯಾರೋ “ಭಾವಾ” ಅಂತ ಕೂಗಿದ್ದು ಕೇಳಿಸಿತು ಅಂತ ಸಾಕ್ಷಿ ಹೇಳಿದರೆ, ಹೊರ ಜಿಲ್ಲೆಯಿಂದ ವರ್ಗವಾಗಿ ಬಂದ ಇನ್‌ಸ್ಪೆಕ್ಟರ್ ಸತ್ತವನ ಭಾವ, ಭಾವಮೈದುನರ ಮನೆಗೆ ಹೋಗುತ್ತಾರೆ. ಊರಿನ ಪೋಸ್ಟ್‌ಮ್ಯಾನ್‌ಗೆ ಮಾತ್ರ ಗೊತ್ತು, ಹಾಗೆ ಕೂಗಿದವರು ಯಾರು ಬೇಕಾದರೂ ಇರಬಹುದು. ನೋಡಿ, ಒಂದು ಶಬ್ದ ಐವತ್ತು ಪುಟ ದಾರಿ ತಪ್ಪಿಸುತ್ತದೆ.

ಕೊಲೆಗೆ ಕಾರಣವನ್ನೂ ಊರಿನಲ್ಲೇ ಹುಡುಕಿ. ಪೆಟ್ಟಿಗೆ ತುಂಬಾ ವಜ್ರ ಯಾಕೆ ಬೇಕು? ಜಮೀನಿನ ಒಂದು ಹಳೇ ಪಹಣಿ ಸಾಕು. ತಿದ್ದುಪಡಿಯಾದ ಭೂ ಸುಧಾರಣೆ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ತಾವು ಉಳುವ ಜಮೀನಿನ ಹಕ್ಕು ಕೇಳಿ ನಮೂನೆ 7ರಲ್ಲಿ ಅರ್ಜಿ, ಅಂದರೆ ಡಿಕ್ಲರೇಷನ್, ಕೊಟ್ಟರು. ನಮ್ಮ ಕಡೆ ಹಿರಿಯರು ಈಗಲೂ ‘ಡಿಕ್ಲರೇಷನ್ ಕೊಟ್ಟ ವರ್ಷ’ ಅಂತ ಲೆಕ್ಕ ಹಿಡಿಯುತ್ತಾರೆ. ಅವತ್ತು ಯಾರು ಅರ್ಜಿ ಕೊಟ್ಟರು, ಯಾರು ಒಡೆಯರ ಮುಖ ನೋಡಿ ಸುಮ್ಮನಾದರು, ಯಾರ ಅರ್ಜಿ ಕಳೆದುಹೋಯಿತು? ಆ ಸಂಕಟ ಮೊಮ್ಮಕ್ಕಳ ಕಾಲಕ್ಕೂ ಉಳಿದಿರುತ್ತದೆ. ಇದನ್ನು ಬರೆಯುವಾಗ ಪೇಟೆ ಹೆಸರು ನಿಜದ್ದೇ ಇರಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ಅಂತಲೇ ಬರೆಯಿರಿ. ಆದರೆ ಕೊಲೆ ನಡೆಯುವ ಹಳ್ಳಿಯನ್ನು ನೀವೇ ಕಟ್ಟಿ. ಇರುವ ಮನೆಯೊಂದಕ್ಕೆ ಜನ ಬೆರಳು ಮಾಡುವ ಹಾಗೆ ಆಗಬಾರದು, ಅಲ್ವಾ?

ಕಾನೂನಿನ ವಿಷಯ ಒಂದೇ ಮಾತು. 2024ರ ಜುಲೈ 1ರಿಂದ ಹಳೇ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಆಮೇಲೆ ನಡೆದ ಕೊಲೆಗೆ ‘ಕಲಂ 302’ ಅಂತ ಬರೆದರೆ ತಪ್ಪು. ಈಗ ಅದು 103. ಅದಕ್ಕೂ ಮೊದಲಿನ ಕೊಲೆಯಾದರೆ 302 ಸರಿ.

ಈ ದಾರಿ ಹೊಸದಲ್ಲ. ನಾಲ್ಕನೇ ತರಗತಿವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ ಕನ್ನಡ ಓದು ಹಿಡಿಸಿಕೊಂಡವರು ನಮ್ಮ ಮನೆಯಲ್ಲೇ ಇದ್ದರು. ನನ್ನ ಅಜ್ಜಿ ಅವರಲ್ಲಿ ಒಬ್ಬರು. ತೇಜಸ್ವಿಯವರ ‘ಚಿದಂಬರ ರಹಸ್ಯ’ದಲ್ಲಿ ಏಲಕ್ಕಿ ವಿಜ್ಞಾನಿಯೊಬ್ಬರ ಸಾವಿನ ಗುಟ್ಟು ಇದೆ. ಆ ಕಾದಂಬರಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಏಲಕ್ಕಿ ಬೆಳೆ ತೆಗೆದುಬಿಟ್ಟರೆ ಅಲ್ಲಿ ಗುಟ್ಟೂ ಉಳಿಯುವುದಿಲ್ಲ, ಊರೂ ಉಳಿಯುವುದಿಲ್ಲ. ಪತ್ತೇದಾರಿ ಅಂದರೆ ಎರಡನೇ ದರ್ಜೆ ಅನ್ನುವವರ ಮಾತಿಗೆ ಕಿವಿ ಕೊಡಬೇಡಿ.

ಇನ್ನು ಪ್ರಚಾರ. ಮೊದಲ ಮುದ್ರಣದ ಐನೂರು ಪ್ರತಿಯಲ್ಲಿ ಇನ್ನೂರು ನಮ್ಮ ಅಟ್ಟದ ಮೇಲೆ ಉಳಿದಿದ್ದವು. ಪುಸ್ತಕದಂಗಡಿಗೆ ಕೊಟ್ಟು ಸುಮ್ನೆ ಕೂತರೆ ಹೀಗೇ ಆಗುತ್ತದೆ. ಹಿಂದಿನ ಕಾಲದ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ನಾವು ಅಷ್ಟು ಕಷ್ಟಪಡಬೇಕಾಗಿಲ್ಲ. ಆದರೆ ಕತೆ ನಡೆಯುವ ಊರಿಗೆ ಪುಸ್ತಕ ಮೊದಲು ಹೋಗಬೇಕು. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆ ಎಂಟೊಂಬತ್ತು ದಿನ ಒಂದು ಮೇಜು ಹಾಕಿಕೊಂಡು ಕೂತೆ. ಕತೆಯ ಹಳ್ಳಿಯ ನಕ್ಷೆಯನ್ನು ದೊಡ್ಡದಾಗಿ ಬರೆದು ಹಿಂದೆ ತೂಗು ಹಾಕಿದ್ದೆ. ಹೆಣ ಸಿಕ್ಕ ಜಾಗಕ್ಕೆ ಒಂದು ಕೆಂಪು ಚುಕ್ಕೆ. ಜನ ನಿಂತು “ಇದು ಯಾವ ಊರು?” ಅಂತ ಕೇಳುತ್ತಿದ್ದರು. ಕೇಳಿದವರಲ್ಲಿ ಹೆಚ್ಚಿನವರು ಪುಸ್ತಕ ತೆಗೆದುಕೊಂಡೇ ಹೋದರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಹುಡುಗರು ಆ ನಕ್ಷೆಯನ್ನೇ ವಾಟ್ಸಾಪ್‌ನಲ್ಲಿ ಒಬ್ಬರಿಗೊಬ್ಬರು ಕಳಿಸಿದರು. ಅವರಿಗೆ ಇ-ಪುಸ್ತಕ ಬೇಕು, ಊರಲ್ಲಿರುವ ಅಪ್ಪ ಅಮ್ಮನಿಗೆ ದೊಡ್ಡ ಅಕ್ಷರದ ಅಚ್ಚು ಬೇಕು. ಎರಡೂ ಇರಲಿ. ಗ್ರಂಥಾಲಯದಲ್ಲಿ ಒಂದು ಅಧ್ಯಾಯ ಓದಿ ಹೇಳಿ, ಹೆಣ ಸಿಕ್ಕಿದ ಕೂಡಲೇ ನಿಲ್ಲಿಸಿ. ಬೆನ್ನುಪುಟದಲ್ಲಿ ಅರ್ಧ ಕತೆ ಹೇಳಿಬಿಡಬೇಡಿ.

ಆದರೆ ನನ್ನ ಪುಸ್ತಕವನ್ನು ಎಲ್ಲರಿಗಿಂತ ಜಾಸ್ತಿ ಓದಿಸಿದವರು ಆ ಗೌಡರೇ. ಕೊಯ್ಲಿನ ಕಾಲದಲ್ಲಿ ಅವರು ತೋಟದಿಂದ ತೋಟಕ್ಕೆ ಹೋಗುತ್ತಾರೆ. ಮಧ್ಯಾಹ್ನ ಊಟಕ್ಕೆ ಕೂತಾಗ ಬೆಳ್ಳಗಿನ ಕೈಯವನ ಕತೆ ಶುರು ಮಾಡುತ್ತಾರೆ. ಅರ್ಧಕ್ಕೆ ನಿಲ್ಲಿಸಿ “ಮುಂದಿಂದು ಪುಸ್ತಕದಲ್ಲಿದೆ” ಅಂದು ಎದ್ದು ಹೋಗುತ್ತಾರೆ. ಅಟ್ಟದ ಮೇಲಿದ್ದ ಪ್ರತಿಗಳನ್ನು ಜನ ಎಲ್ಲಾ ಗೊತ್ತಿದ್ದೂ ಒಯ್ದರು, ‘ತಪ್ಪು ಇರೋ ಪುಸ್ತಕವೂ ಬೇಕು’ ಅಂತ.

ಈಗ ನಾನು ಬರೆದಿದ್ದನ್ನು ಅಚ್ಚಿಗೆ ಕಳಿಸುವ ಮೊದಲೇ ಗೌಡರಿಗೆ ಓದಲು ಕೊಡುತ್ತೇನೆ. ಮೊನ್ನೆ ಹೊಸ ಕಾದಂಬರಿಯ ಹಸ್ತಪ್ರತಿ ವಾಪಸ್ ತಂದರು. “ಮಾಸ್ತರ್ರೆ, ಆ ರಾತ್ರಿ ಮನೇಲಿ ಅಡಿಕೆ ಬೇಯಿಸ್ತಿದ್ರು ಅಂತ ಬರೆದೀರಿ. ಹಂಡೆ ಒಲೆ ಮೇಲಿದ್ದಾಗ ಬೆಂಕಿ ಮುಂದೆ ಒಬ್ಬರು ಎಚ್ಚರ ಇರ್ಲೇಬೇಕಲ್ಲ. ಅವರು ಯಾರು?”

ನನ್ನ ಹಸ್ತಪ್ರತಿಯಲ್ಲಿ ಆ ಒಲೆಯ ಮುಂದೆ ಯಾರೂ ಇಲ್ಲ. ನಾಳೆ ಬೆಳಿಗ್ಗೆ ಅಲ್ಲಿಂದಲೇ ಮತ್ತೆ ಬರೆಯಲು ಕೂರುತ್ತೇನೆ.